ಗ್ಲೆಂಡಾಳ ಮೊದಲ ಮೂರು ಅಧ್ಯಾಯಗಳು

ಹ್ಯಾಲಿಫ್ಯಾಕ್ಸ್ ಊರಿನ ನಮ್ಮ ಪ್ರಾರ್ಥನಾ ಮಂದಿರದ ಹಿಂದಿನ ಕೋಣೆಯಲ್ಲಿ ಗುರುವಾರ ಬೆಳಿಗ್ಗೆ ಬರೆಯುವವರು ಸೇರುತ್ತಾರೆ. ಆರು ಜನ, ಕೆಲವೊಮ್ಮೆ ಏಳು. ಚಹಾ ಮಾಡುವವಳು ನಾನು. ಗ್ಲೆಂಡಾ ಆಕ್ರಾಯ್ಡ್ ತನ್ನ ಕಾದಂಬರಿಯ ಮೊದಲ ಸಾಲು ಓದಿದ ದಿನವೂ ಅಲ್ಲಿದ್ದೆ.

ಗ್ಲೆಂಡಾ ಇಪ್ಪತ್ತೆಂಟು ವರ್ಷ ಶಾಲೆಯ ಅಡುಗೆಮನೆಯಲ್ಲಿ ಮುನ್ನೂರು ಮಕ್ಕಳಿಗೆ ಆಲೂಗಡ್ಡೆ ಬೇಯಿಸಿದ ಹೆಂಗಸು. ನಿವೃತ್ತಿಯಾದ ಮೇಲೆ, ತನ್ನ ತಾಯಿ ದುಡಿದ ಉಣ್ಣೆ ಗಿರಣಿಯ ಕಥೆ ಬರೆಯಲು ಕೂತಳು. ಒಂಬತ್ತು ವರ್ಷ ಹಿಡಿಯಿತು.

ಬರೆದು ಮುಗಿಸಿದರೆ ಸಾಲದು. ಇಲ್ಲಿನ ದೊಡ್ಡ ಪ್ರಕಾಶಕರು, ಲೇಖಕರ ಪರವಾಗಿ ಪುಸ್ತಕ ಮಾರಿಕೊಡುವ ಏಜೆಂಟರ ಮೂಲಕ ಬಂದದ್ದನ್ನು ಮಾತ್ರ ಓದುತ್ತಾರೆ. ಏಜೆಂಟರಿಗೆ ಒಂದು ಪತ್ರ, ಒಂದು ಪುಟದ ಕಥಾಸಾರ, ಮೊದಲ ಮೂರು ಅಧ್ಯಾಯ ಕಳಿಸಬೇಕು. ಹಿಡಿಸಿದರೆ ಪೂರ್ತಿ ಕೇಳುತ್ತಾರೆ. ಹನ್ನೆರಡು ವಾರ ಸುದ್ದಿಯಿಲ್ಲದಿದ್ದರೆ ಬೇಡವೆಂದು ನಾವೇ ತಿಳಿದುಕೊಳ್ಳಬೇಕು.

ಗ್ಲೆಂಡಾ ಇಪ್ಪತ್ತೆರಡು ಏಜೆಂಟರಿಗೆ ಕಳಿಸಿದಳು. ಒಬ್ಬರೂ ಪೂರ್ತಿ ಕೇಳಲಿಲ್ಲ. ಪ್ರತಿ ಸಲವೂ ಅವಳು ಆ ಮೂರು ಅಧ್ಯಾಯಗಳನ್ನೇ ಮತ್ತೆ ತಿದ್ದುತ್ತಿದ್ದಳು. "ಉಳಿದದ್ದನ್ನ ಯಾರೂ ನೋಡೋದೇ ಇಲ್ವಲ್ಲ," ಅನ್ನುತ್ತಿದ್ದಳು.

ಅಷ್ಟರಲ್ಲಿ ನಮ್ಮ ಗುಂಪಿಗೆ ರೊವೀನಾ ಬಂದಳು. ಹಲ್ಲಿನ ಡಾಕ್ಟರ ಕ್ಲಿನಿಕ್ಕಿನಲ್ಲಿ ರಿಸೆಪ್ಷನಿಸ್ಟ್ ಆಗಿರುವವಳು, ಗ್ಲೆಂಡಾಗಿಂತ ಇಪ್ಪತ್ತೈದು ವರ್ಷ ಚಿಕ್ಕವಳು. ಹದಿನಾಲ್ಕು ತಿಂಗಳಲ್ಲಿ ಪುಸ್ತಕ ಮುಗಿಸಿ ನಾಲ್ಕು ಏಜೆಂಟರಿಗೆ ಕಳಿಸಿದಳು. ಹನ್ನೊಂದನೇ ದಿನ ಅವರಲ್ಲಿ ಇಮೋಜೆನ್ ಎಂಬಾಕೆ ಲಂಡನ್ನಿನಿಂದ ಫೋನ್ ಮಾಡಿ ಪುಸ್ತಕವನ್ನು ಒಪ್ಪಿಕೊಂಡಳು. ಆ ಗುರುವಾರ ರೊವೀನಾ ನಿಂಬೆಹಣ್ಣಿನ ಕೇಕ್ ತಂದಳು. ಗ್ಲೆಂಡಾ ಒಂದು ತುಂಡು ತಿಂದು, ಚೆನ್ನಾಗಿದೆ ಎಂದು, ನನ್ನ ಹಿಂದೆಯೇ ಅಡುಗೆಮನೆಗೆ ಬಂದಳು.

"ಹದಿನಾಲ್ಕು ತಿಂಗಳು. ಮಗ್ಗದ ಭಾಗಗಳ ಹೆಸರು ಕಲಿಯೋಕೇ ನಂಗೆ ಎರಡು ವರ್ಷ ಬೇಕಾಯ್ತು."

"ಅವಳಿಗೆ ಕಾಲ ಕೂಡಿ ಬಂತು ಅಂದ್ಕೋ."

"ಆ ಕಾಲಕ್ಕೆ ನನ್ನ ಮನೆ ದಾರಿ ಗೊತ್ತಿಲ್ವಾ?"

ಅಲ್ಲಿಂದ ಮುಂದೆ ರೊವೀನಾ ಓದಲು ಶುರುಮಾಡಿದರೆ ಗ್ಲೆಂಡಾ ಚೀಲದಲ್ಲಿ ಏನನ್ನೋ ಹುಡುಕುವಳು. ರೊವೀನಾ ಎರಡು ಸಲ ಕೇಳಿದರೂ ಹಸ್ತಪ್ರತಿ ಕೊಡಲಿಲ್ಲ.

"ಕೊಟ್ರೆ ಕದ್ಬಿಡ್ತಾಳೆ," ಅಂದಳು ನನಗೆ.

"ಏನನ್ನ?"

"ಗಿರಣೀನ."

ಗ್ಲೆಂಡಾಳಿಗಾಗಿ ಪ್ರಾರ್ಥಿಸುತ್ತಿದ್ದೆ. ಅಸೂಯೆ ಹೋಗಲಿ ಎಂದೋ, ಏಜೆಂಟ್ ಸಿಗಲಿ ಎಂದೋ, ಯಾವುದನ್ನು ಮೊದಲು ಕೇಳಬೇಕೆಂದು ತಿಳಿಯುತ್ತಿರಲಿಲ್ಲ.

ಇಪ್ಪತ್ಮೂರನೆಯ ಪತ್ರವನ್ನು ಗ್ಲೆಂಡಾ ಯಾರಿಗೂ ಹೇಳದೆ ಇಮೋಜೆನ್‌ಗೇ ಬರೆದಳು. ಅದರಲ್ಲಿ ಒಂದು ಸಾಲು ಸೇರಿಸಿದಳು: "ನಿಮ್ಮ ಲೇಖಕಿ ರೊವೀನಾ ನನ್ನ ಪುಸ್ತಕ ಓದಿ, ಮೆಚ್ಚಿ, ನಿಮಗೆ ಕಳಿಸಲು ಹೇಳಿದರು." ಗೊತ್ತಿದ್ದವರ ಹೆಸರಿದ್ದರೆ ಪತ್ರ ರಾಶಿಯ ಮೇಲಕ್ಕೆ ಬರುತ್ತದೆ. ಆದರೆ ಆ ಹೆಸರಿನವರನ್ನು ಒಂದು ಮಾತು ಕೇಳಿಯೂ ನೋಡುತ್ತಾರೆ ಎಂಬುದು ಅವಳಿಗೆ ಹೊಳೆಯಲಿಲ್ಲ. ಪುಸ್ತಕ ಹೇಗಿದೆ ಎಂದು ಇಮೋಜೆನ್ ರೊವೀನಾಳನ್ನು ಕೇಳಿದಳು.

ಮುಂದಿನ ಗುರುವಾರ ರೊವೀನಾ ಬೇಗ ಬಂದಳು. ಅಡುಗೆಮನೆಯಲ್ಲಿ ನಾನೂ ಗ್ಲೆಂಡಾಳೂ ಕಪ್ಪುಗಳನ್ನು ಜೋಡಿಸುತ್ತಿದ್ದೆವು.

"ಗ್ಲೆಂಡಾ, ನಾನು ನಿನ್ನ ಪುಸ್ತಕ ಓದಿ ಮೆಚ್ಚಿದ್ದೀನಂತೆ."

ಗ್ಲೆಂಡಾಳ ಕುತ್ತಿಗೆ ಕೆಂಪಾಯಿತು. "ನೀನು ಓದಿದ್ರೆ ಮೆಚ್ಕೋತಿದ್ದೆ."

"ಹಾಗಾದ್ರೆ ಕೊಡು, ಓದ್ತೀನಿ. ಸೋಮವಾರ ಇಮೋಜೆನ್‌ಗೆ ಉತ್ತರ ಬರೀಬೇಕು. ಓದದೇ ಸುಳ್ಳು ಹೇಳೋಕೆ ನಂಗಾಗಲ್ಲ. ನಿನ್ನ ಸುಳ್ಳಿ ಅಂತ ಹಿಡ್ಕೊಡೋಕೂ ಆಗಲ್ಲ."

ಬೈದಿದ್ದರೆ ಗ್ಲೆಂಡಾಗೆ ಸುಲಭವಾಗುತ್ತಿತ್ತು. ಮನೆಗೆ ಹೋಗಿ, ನಾನೂರ ಹನ್ನೆರಡು ಪುಟ ತಂದು ಅವಳ ಕೈಗಿಟ್ಟಳು.

ಸೋಮವಾರ ಬೆಳಿಗ್ಗೆ ರೊವೀನಾ ಅದನ್ನು ಹಿಂತಿರುಗಿಸಲು ಗ್ಲೆಂಡಾಳ ಮನೆಗೆ ಬಂದಳು. ಒಬ್ಬಳೇ ಇರಲಾರೆನೆಂದು ಗ್ಲೆಂಡಾ ನನ್ನನ್ನೂ ಕರೆದಿದ್ದಳು.

"ನಾಲ್ಕನೇ ಅಧ್ಯಾಯ ಬಸ್ಸಲ್ಲಿ ಓದ್ತಿದ್ದೆ, ಇಳಿಯೋ ಜಾಗ ದಾಟಿ ಹೋದೆ," ಅಂದಳು ರೊವೀನಾ.

"ಮೊದಲ ಮೂರು?"

"ತೆಗೆದುಬಿಡು. ಅದೆಷ್ಟು ತಿಕ್ಕಿದ್ದೀಯ ಅಂದ್ರೆ ಒಳಗೆ ಯಾರೂ ಉಸಿರಾಡ್ತಿಲ್ಲ. ನೀನು ಹ್ಞೂ ಅಂದ್ರೆ, ನಾಲ್ಕನೇದರಿಂದ ತರಿಸ್ಕೊಂಡು ಓದಿ ಅಂತ ಇಮೋಜೆನ್‌ಗೆ ಬರೀತೀನಿ."

"ಮಧ್ಯಾಹ್ನ ಹೇಳ್ತೀನಿ," ಅಂದಳು ಗ್ಲೆಂಡಾ.

ರೊವೀನಾ ಹೋಗಿ ಬಾಗಿಲು ಮುಚ್ಚಿದ ಮೇಲೆ ಗ್ಲೆಂಡಾ ನನ್ನ ಕಡೆ ತಿರುಗಿದಳು. "ನೋಡಿದ್ಯಾ? ಇರೋದ್ರಲ್ಲಿ ಚೆನ್ನಾಗಿರೋದೇ ಆ ಮೂರು. ಅದಕ್ಕೇ ತೆಗಿ ಅಂತಾಳೆ."

"ನಂಗೆ ಓದಿ ಹೇಳು. ಕೇಳ್ತೀನಿ," ಅಂದೆ.

ಓದಿದಳು. ಮೊದಲನೆಯದು ಮುಗಿಯುವಷ್ಟರಲ್ಲಿ ನಿಲ್ಲಿಸಿದಳು. "ನೀನು ಕಿಟಕಿ ನೋಡ್ತಿದ್ದೀಯ."

ಸುಳ್ಳಾಡಲಿಲ್ಲ. "ಹೌದು ಗ್ಲೆಂಡಾ."

ನಾಲ್ಕನೆಯದಕ್ಕೆ ಹೋದಳು. ಗಿರಣಿಯ ಸದ್ದಿನಲ್ಲಿ ಕಿವಿ ಕೇಳದೆ ಹೆಂಗಸರು ತುಟಿ ನೋಡಿಯೇ ಮಾತಾಡುವ ಅಧ್ಯಾಯ. ಒಬ್ಬಳು ತನ್ನ ಮಗು ಸತ್ತ ಸುದ್ದಿಯನ್ನು ಹಾಗೆ ಸದ್ದಿಲ್ಲದೆ ಎದುರಿನ ಮಗ್ಗದವಳಿಗೆ ಹೇಳುತ್ತಾಳೆ. ನನ್ನ ಚಹಾ ತಣ್ಣಗಾಗಿತ್ತು. ಗ್ಲೆಂಡಾ ಹಾಳೆ ಕೆಳಗಿಟ್ಟಳು.

"ಹಾಳಾದವಳು. ಸರಿಯಾಗೇ ಹೇಳಿದ್ದಾಳೆ."

ಆದರೂ ರೊವೀನಾಗೆ ಹ್ಞೂ ಅನ್ನಲಿಲ್ಲ. ಇಮೋಜೆನ್‌ಗೆ ಆ ಮಧ್ಯಾಹ್ನ ತಾನೇ ಬರೆದಳು: ಆ ಸಾಲು ಸುಳ್ಳು, ಕ್ಷಮಿಸಿ, ಕಳಿಸಿದ್ದನ್ನು ಹಿಂದಕ್ಕೆ ಪಡೆಯುತ್ತಿದ್ದೇನೆ. ಅದರ ನಕಲನ್ನು ರೊವೀನಾಗೂ ಕಳಿಸಿದಳು.

"ಬಂದ ಅವಕಾಶ ಯಾಕೆ ಬಿಡ್ತೀಯ?" ಅಂತ ಕೇಳಿದೆ.

"ಅವಳ ಹೆಸರಿಂದ ಬಂದ್ರೆ ಅವಳು ಕೊಟ್ಟ ಹಾಗಾಗುತ್ತೆ. ಸಾಯೋತನಕ ಅವಳ ಕೇಕ್ ಹೊಗಳ್ತಾ ಇರಬೇಕು."

ಮೂರು ಅಧ್ಯಾಯ ಕಿತ್ತುಹಾಕಿ, ನಾಲ್ಕನೆಯದನ್ನು ಮೊದಲನೆಯದು ಮಾಡಿ, ಎಡಿನ್‌ಬರೋದ ಒಬ್ಬ ಏಜೆಂಟನಿಗೆ ಕಳಿಸಿದಳು. ಪತ್ರದಲ್ಲಿ ಯಾರ ಹೆಸರೂ ಇರಲಿಲ್ಲ.

ಏಳನೇ ವಾರ, ಭಾನುವಾರದ ಆರಾಧನೆಗೆ ನಾನು ಹೂವು ಜೋಡಿಸುತ್ತಿದ್ದಾಗ ಗ್ಲೆಂಡಾ ಫೋನ್ ಹಿಡಿದುಕೊಂಡು ಬಂದಳು. ಪೂರ್ತಿ ಹಸ್ತಪ್ರತಿ ಕೇಳಿದ್ದಾರೆ. ನಾನು ಅವಳ ಕೈ ಹಿಡಿದುಕೊಂಡೆ.

"ರೊವೀನಾಗೆ ಹೇಳ್ತೀಯಾ?" ಅಂದೆ.

ಗ್ಲೆಂಡಾ ಯೋಚಿಸಿದಳು. "ಅವಳ ಪುಸ್ತಕಕ್ಕೆ ಪ್ರಕಾಶಕರು ಸಿಕ್ಕಿದ್ರಾ?"

"ಇನ್ನೂ ಇಲ್ಲ. ಆರು ಜನ ಬೇಡ ಅಂದ್ರಂತೆ."

"ಹೌದಾ? ಪಾಪ. ಹಾಗಿದ್ರೆ ಈಗ್ಲೇ ಹೇಳ್ಬಿಡ್ತೀನಿ," ಎಂದು ರೊವೀನಾಗೆ ಫೋನ್ ಹಚ್ಚಿದಳು.