ದೊಡ್ಡಮ್ಮ ಕುಡಿಯುತ್ತಿದ್ದ ನೀರು

ಬಂದ್ಯೋಡಿನಲ್ಲಿ ಹೆದ್ದಾರಿಯ ಕೆಲಸ ಇನ್ನೂ ಮುಗಿದಿಲ್ಲ. ಕಳೆದ ವಾರ ಸರ್ವಿಸ್ ರಸ್ತೆಯ ಬದಿಯಲ್ಲಿ ಪೈವಳಿಕೆಯ ಬಸ್ಸಿಗೆ ಕಾಯುತ್ತ ನಿಂತಿದ್ದೆ. ಎದುರಿನ ಗುಡ್ಡದ ದರೆಯನ್ನು ಜೆಸಿಬಿ ಕೆರೆಯುತ್ತಿತ್ತು. ಮುರಕಲ್ಲಿನ ಒಂದು ದೊಡ್ಡ ಹೆಂಟೆ ಕಳಚಿ ಬಿದ್ದಲ್ಲಿ ಒಳಗಿನ ಮಣ್ಣು ಕಂಡಿತು, ಅದರಿಂದ ನೀರು ಜಿನುಗತೊಡಗಿತು. ಧೂಳು, ಡೀಸೆಲ್, ಹೋಟೆಲಿನ ಎಣ್ಣೆ ಇವೆಲ್ಲದರ ನಡುವಿನಿಂದ ಆ ವಾಸನೆ ನೇರ ನನ್ನ ಮೂಗಿಗೆ ಬಂತು. ಬಿಸಿಲನ್ನೇ ಕಾಣದ ಒದ್ದೆ ಮಣ್ಣಿನ ವಾಸನೆ, ತುಕ್ಕು ಹಿಡಿದ ಕಬ್ಬಿಣದಂಥದ್ದು. ಬಸ್ಸು ಬಂದದ್ದೂ ಹೋದದ್ದೂ ನನಗೆ ತಿಳಿಯಲಿಲ್ಲ. ನಾನು ದೊಡ್ಡಮ್ಮನ ಸುರಂಗದ ಬಾಯಿಯಲ್ಲಿ ನಿಂತಿದ್ದೆ.

ಅವರು ನನಗೆ ಸಂಬಂಧದಿಂದ ದೊಡ್ಡಮ್ಮ ಅಲ್ಲ. ನಮ್ಮನ್ನು ಊರೂರಿಗೆ ಕರೆದುಕೊಂಡು ಹೋಗುತ್ತಿದ್ದ ಆಟೋದವನ ತಾಯಿಯ ಅಕ್ಕ ಅವರು. ಅವನು ಹಾಗೆ ಕರೆಯುತ್ತಿದ್ದ, ನಾನೂ ಹಾಗೇ ಕರೆದೆ. ಆಗ ನಾನು ನೀರಿನ ಬಗ್ಗೆ ಅಧ್ಯಯನ ಮಾಡುವ ಒಂದು ಸಣ್ಣ ಸಂಸ್ಥೆಗೆ ಹೊಸದಾಗಿ ಸೇರಿದ್ದೆ. ಬಾಯಾರಿನ ಆಚೆ, ಗುಡ್ಡದ ಮಗ್ಗುಲಿನ ಊರುಗಳಲ್ಲಿ ಯಾವ ನೀರು ಎಲ್ಲಿಂದ ಬರುತ್ತದೆ, ಬೇಸಗೆಯಲ್ಲಿ ಎಷ್ಟು ಉಳಿಯುತ್ತದೆ ಎಂದು ಅಳೆಯುವುದು, ಜನರನ್ನು ಕೂರಿಸಿ ಮಾತಾಡಿಸುವುದು, ಅವರೇ ನಡೆಸಿಕೊಳ್ಳಬಹುದಾದ ಒಂದು ಯೋಜನೆ ಮಾಡಿ ಗ್ರಾಮಸಭೆಗೆ ಒಯ್ಯುವುದು... ಇದು ನಮ್ಮ ಕೆಲಸ. ಬೋರ್‌ವೆಲ್ ಒಂದೇ ದಾರಿಯಲ್ಲ ಎಂದು ಮೇಲಿನವರಿಗೆ ತೋರಿಸಬೇಕಿತ್ತು. ತೋರಿಸಲಿಕ್ಕೆ ಸುರಂಗಗಳಿದ್ದವು. ಗುಡ್ಡದ ಹೊಟ್ಟೆಗೆ ಅಡ್ಡಕ್ಕೆ ತೋಡಿದ, ಒಬ್ಬ ಮನುಷ್ಯ ಬಗ್ಗಿ ನಡೆಯುವಷ್ಟು ಅಗಲದ ಗುಹೆಗಳು. ಗೋಡೆಯಿಂದ ಒಸರುವ ನೀರು ನೆಲದ ಕಣಿಯಲ್ಲಿ ಸೇರಿ ತಾನಾಗಿ ಹೊರಗೆ ಹರಿದು ಬರುತ್ತದೆ. ಪಂಪು ಬೇಡ, ಕರೆಂಟು ಬೇಡ.

ಮೊದಲ ಸಲ ಹೋದದ್ದು ಮಾರ್ಚ್ ತಿಂಗಳಲ್ಲಿರಬೇಕು. ಊರಿನ ಬಾವಿಗಳೆಲ್ಲ ತಳ ಕಂಡಿದ್ದವು, ಕುಡಿಯುವ ನೀರು ಟ್ಯಾಂಕರಿನಲ್ಲಿ ಬರುತ್ತಿತ್ತು. ದೊಡ್ಡಮ್ಮನ ಮನೆಯ ಹಿಂದೆ ಮಾತ್ರ ಸೀಳಿ ಟೊಳ್ಳು ಮಾಡಿದ ಅಡಿಕೆ ಮರದ ದಂಬೆಯಿಂದ ನೀರು ಧಾರೆಯಾಗಿ ಬಿದ್ದು, ಸಿಮೆಂಟಿನ ತೊಟ್ಟಿ ತುಂಬಿ, ಯಾರಿಗೂ ಬೇಡವಾಗಿ ಕೆಳಗಿನ ತೋಡಿಗೆ ಹರಿದು ಹೋಗುತ್ತಿತ್ತು. ನನಗೆ ಆಶ್ಚರ್ಯವಾಯಿತು. ಕೊಡ ಹಿಡಿದ ಒಬ್ಬರೂ ಅಲ್ಲಿರಲಿಲ್ಲ.

ದೊಡ್ಡಮ್ಮ ಜಗಲಿಯಲ್ಲಿ ಮೊರ ಇಟ್ಟುಕೊಂಡು ಬೀಡಿ ಕಟ್ಟುತ್ತಿದ್ದರು. ಸಪೂರ ಹೆಂಗಸು, ಕಿವಿಯ ತೂತು ಮಾತ್ರ ದೊಡ್ಡದು. ನಮ್ಮನ್ನು ಕಂಡು ಒಳಗೆ ಹೋಗಿ ಬೆಲ್ಲದ ತುಂಡು ಮತ್ತು ಎರಡು ಲೋಟ ನೀರು ತಂದಿಟ್ಟರು. ನಾನು ಕುಡಿದೆ. ಹಲ್ಲು ಜುಮ್ಮೆನ್ನುವಷ್ಟು ತಂಪು. ಆಟೋದವನು ಬೆಲ್ಲ ತಿಂದ, ನೀರು ಮುಟ್ಟಲಿಲ್ಲ. ಸ್ವಂತ ದೊಡ್ಡಮ್ಮನ ಮನೆಯಲ್ಲಿ ಅವನು ಹಾಗೆ ಕೂತದ್ದನ್ನು ನೋಡಿ ನಾನು ಏನೋ ಮನಸ್ತಾಪ ಇರಬೇಕು ಎಂದುಕೊಂಡೆ.

ಹರಿವನ್ನು ಅಳೆಯಲು ಹಿತ್ತಿಲಿಗೆ ಹೊರಟಾಗ ದೊಡ್ಡಮ್ಮ ನನಗಿಂತ ಮುಂದೆ ಹೋದರು. ಸುರಂಗದ ಬಾಯಿಯಲ್ಲಿ ನಿಂತು, ಸೆರಗು ಸರಿಮಾಡಿಕೊಂಡು, ಒಳಗಿನ ಕತ್ತಲೆಗೆ ತುಳುವಿನಲ್ಲಿ ಏನೋ ಹೇಳಿದರು. ಸ್ವಲ್ಪ ಕಾದರು. ಮತ್ತೆ ನನ್ನ ಕಡೆ ತಿರುಗಿ, “ಅಳೆಯಿರಿ, ತೊಂದರೆ ಇಲ್ಲ” ಎಂದರು. ನೀರಿನವರು ಬಂದಿದ್ದಾರೆ, ಹೆಣ್ಣು ಹುಡುಗಿ, ಒಳ್ಳೆಯವಳ ಹಾಗೆ ಕಾಣುತ್ತಾಳೆ ಎಂದು ಅವರು ಹೇಳಿದ್ದಂತೆ. ಹಿಂದೆ ಬರುವಾಗ ಆಟೋದವನು ಅದನ್ನು ನನಗೆ ಬಿಡಿಸಿ ಹೇಳಿದ. ಉಳಿದದ್ದನ್ನೂ ಆಗಲೇ ಹೇಳಿದ.

ದೊಡ್ಡಮ್ಮನ ಗಂಡ ಸುರಂಗ ತೋಡುವವರು. ಊರವರಿಗೆಲ್ಲ ತೋಡಿಕೊಟ್ಟು, ಕೆಲಸ ಇಲ್ಲದ ದಿನಗಳಲ್ಲಿ ತನ್ನ ಮನೆಯ ಹಿಂದೆ ತೋಡಲು ಶುರುಮಾಡಿದ್ದರು. ಅವರು ಪಿಕ್ಕಾಸಿನಲ್ಲಿ ಕಡಿಯುವುದು, ದೊಡ್ಡಮ್ಮ ಬುಟ್ಟಿಯಲ್ಲಿ ಮಣ್ಣು ಹೊರಗೆ ಹಾಕುವುದು. ಎಷ್ಟು ಒಳಗೆ ಹೋದರೂ ನೀರು ಸಿಕ್ಕಿರಲಿಲ್ಲ. ಒಂದು ಬೆಳಿಗ್ಗೆ ದೊಡ್ಡಮ್ಮ ಬುಟ್ಟಿ ಹೊತ್ತು ಹೊರಗೆ ಬಂದು ಮಣ್ಣು ಸುರಿಯುತ್ತಿದ್ದಾಗ ಹಿಂದಿನಿಂದ ಒಂದು ಗಾಳಿ ಬಂತಂತೆ. ದೀಪ ಆರಿಸುವಷ್ಟು ಗಾಳಿ. ತಿರುಗಿ ನೋಡಿದರೆ ಸುರಂಗದ ನಡುವೆ ಮಣ್ಣು ಕುಸಿದು ದಾರಿ ಮುಚ್ಚಿತ್ತು, ಗಂಡ ಒಳಗೇ ಉಳಿದಿದ್ದರು. ಜನ ಸೇರಿ ತೆಗೆಯಲು ನೋಡಿದರು. ತೆಗೆದಷ್ಟೂ ಮೇಲಿನಿಂದ ಬೀಳುತ್ತಿತ್ತು. ಇನ್ನೂ ಇಬ್ಬರ ಜೀವ ಹೋಗುವುದು ಬೇಡ ಎಂದು ಹಿರಿಯರು ಕೆಲಸ ನಿಲ್ಲಿಸಿದರು. ದೊಡ್ಡಮ್ಮ ಸುರಂಗದ ಬಾಯಿಯಲ್ಲೇ ಕೂತಿದ್ದರು. ಕೆಲವು ದಿನ ಕಳೆದ ಮೇಲೆ ಕುಸಿದ ಮಣ್ಣಿನ ಅಡಿಯಿಂದ ನೀರು ಬಂತು. ಮೊದಲು ಕೆಂಪಗೆ, ಆಮೇಲೆ ತಿಳಿಯಾಗಿ.

ಊರಿನಲ್ಲಿ ಯಾರೂ ಆ ನೀರು ಮುಟ್ಟಲಿಲ್ಲ. ಅದು ಒಳಗೆ ಸತ್ತವರ ಮೇಲಿನಿಂದ ಹರಿದು ಬರುವ ನೀರು. ದೊಡ್ಡಮ್ಮ ಒಬ್ಬರು ಅದನ್ನೇ ಕುಡಿದು, ಅದರಲ್ಲೇ ಅನ್ನ ಬೇಯಿಸಿ, ಇಷ್ಟು ವರ್ಷ ಬದುಕಿದ್ದರು.

ಆ ರಾತ್ರಿ ನನಗೆ ಊಟ ಸೇರಲಿಲ್ಲ ಎಂಬುದು ನಿಜ. ಆದರೆ ಮತ್ತೆ ಹೋಗದೆ ಇರುವಂತಿರಲಿಲ್ಲ. ಹೋದೆ, ಪ್ರತಿ ವಾರವೂ ಹೋದೆ. ಎರಡನೆಯ ಸಲ ಬಕೆಟ್ ಹಿಡಿದು ಕೂತಿದ್ದಾಗ ನೀರಿನ ಸದ್ದಿನ ಹಿಂದೆ ಇನ್ನೊಂದು ಸದ್ದು ಕೇಳಿಸಿತು. ಟಕ್... ಟಕ್... ನಿಧಾನವಾಗಿ, ನಡುನಡುವೆ ಉಸಿರು ತೆಗೆದುಕೊಳ್ಳುವಷ್ಟು ಬಿಟ್ಟು. ನಾನು ದೊಡ್ಡಮ್ಮನ ಮುಖ ನೋಡಿದೆ. ಅವರು ಬೀಡಿಯ ಎಲೆ ಕತ್ತರಿಸುತ್ತ, ಬಾವಿಯಲ್ಲಿ ಕಪ್ಪೆ ಕೂಗಿದರೆ ಹೇಳುವ ಹಾಗೆ, “ಅವರು ಕೆಲಸ ಮಾಡ್ತಿದ್ದಾರೆ” ಎಂದರು. ನಮ್ಮ ಸಂಸ್ಥೆಯ ಹಿರಿಯರಲ್ಲಿ ಕೇಳಿದಾಗ, ಕುಸಿದ ಮಣ್ಣಿನ ಆಚೆ ಟೊಳ್ಳು ಜಾಗ ಇರಬೇಕು, ಮಾಡಿನಿಂದ ನೀರು ತೊಟ್ಟಿಕ್ಕಿದರೆ ಹಾಗೆ ಕೇಳಿಸುತ್ತದೆ ಎಂದು ವಿವರಿಸಿದರು. ಸರಿಯಾದ ವಿವರಣೆಯೇ. ಆಮೇಲೂ ಆ ಸದ್ದು ಕೇಳಿದಾಗಲೆಲ್ಲ ನಾನು ಬಕೆಟ್ಟನ್ನು ಸದ್ದಾಗದ ಹಾಗೆ ಕೆಳಗಿಡುತ್ತಿದ್ದೆ.

ನೀರಿನ ಪರೀಕ್ಷೆಯಾಯಿತು. ಊರಿನ ಬೇರೆ ಯಾವ ನೀರಿಗಿಂತಲೂ ಚೆನ್ನಾಗಿತ್ತು. ಮಣ್ಣು ತೆಗೆದು ಸುರಂಗ ಸರಿಮಾಡಿದರೆ ಹರಿವು ಹೆಚ್ಚಬಹುದು, ಕೆಳಗಿನ ಎಲ್ಲ ಮನೆಗಳಿಗೂ ಪೈಪಿನಲ್ಲಿ ಕೊಡಬಹುದು. ಅಂಗನವಾಡಿಯ ಜಗಲಿಯಲ್ಲಿ ಸಭೆ ಕರೆದೆವು. ವಾರ್ಡ್ ಮೆಂಬರ್ ಬಂದಿದ್ದರು, ಹೆಂಗಸರೇ ಹೆಚ್ಚು. ಆ ವಾರ ಟ್ಯಾಂಕರ್ ಬಂದಿರಲಿಲ್ಲ. ನಾನು ಚಾರ್ಟ್ ಹಿಡಿದು ಗುಡ್ಡದ ಒಳಗೆ ನೀರು ಹೇಗೆ ಇಳಿಯುತ್ತದೆಂದು ಹೇಳಿದೆ, ಪರೀಕ್ಷೆಯ ಫಲವನ್ನೂ ಓದಿದೆ. ಯಾರೂ ಎದುರು ಮಾತಾಡಲಿಲ್ಲ, ಯಾರೂ ಒಪ್ಪಲೂ ಇಲ್ಲ. ಕೊನೆಗೆ ಒಬ್ಬ ಹಿರಿಯರು, “ನೀರು ಒಳ್ಳೆದೇ ಇರಬಹುದು ಟೀಚರೇ. ಆದರೆ ಮನುಷ್ಯ ಒಳಗೆ ಉಂಟಲ್ಲ” ಎಂದರು. ನಾನು ಟೀಚರಲ್ಲ. ಚಾರ್ಟ್ ಹಿಡಿದವರೆಲ್ಲ ಅಲ್ಲಿ ಟೀಚರು.

ಅವರನ್ನು ಹೊರಗೆ ತೆಗೆದು ಆಗಬೇಕಾದದ್ದನ್ನು ಮಾಡಿದರೆ ಕುಡಿಯಬಹುದು ಎಂಬಲ್ಲಿಗೆ ಮಾತು ಬಂತು. ಹಾಗಂತ ದೊಡ್ಡಮ್ಮನಲ್ಲಿ ಕೇಳುವವರು ಯಾರು? ಎಲ್ಲರೂ ಆಟೋದವನನ್ನು ನೋಡಿದರು, ಅವನು ನೆಲ ನೋಡಿದ. ಆಗ ಜಗಲಿಯ ಕೆಳಗೆ, ತೆಂಗಿನ ಬುಡದಲ್ಲಿ ನಿಂತಿದ್ದ ದೊಡ್ಡಮ್ಮ ಮಾತಾಡಿದರು. ಯಾವ ಸಭೆಗೂ ಬಾರದ ಅವರು ಅಂದು ಯಾವಾಗ ಬಂದು ನಿಂತಿದ್ದರೋ ಯಾರೂ ನೋಡಿರಲಿಲ್ಲ.

“ಮಕ್ಕಳಿಗೆ ಕುಡೀಲಿಕ್ಕೆ ಇಲ್ಲದಾಗ ಒಳಗೆ ಮಲಗುವ ಜನ ಅಲ್ಲ ಅವರು,” ಎಂದರು. “ತೆಗೀರಿ.”

ಮೇ ತಿಂಗಳಲ್ಲಿ, ಮಳೆ ಬೀಳುವ ಮೊದಲು ಕೆಲಸ ಶುರುವಾಯಿತು. ಕಸುಬು ಗೊತ್ತಿದ್ದವರು ಮೇಲಿನ ಮಣ್ಣು ಬೀಳದ ಹಾಗೆ ಅಡಿಕೆ ಮರದ ಆನಿಕೆ ಕೊಟ್ಟು ಕೊಟ್ಟು, ಬಹಳ ಜಾಗ್ರತೆಯಿಂದ ಮಣ್ಣು ತೆಗೆದರು. ದೊಡ್ಡಮ್ಮ ಬೀಡಿಯ ಮೊರ ಬದಿಗಿಟ್ಟು, ಮಡಿಚಿದ ಹೊಸ ಬಿಳಿ ಪಂಚೆಯೊಂದನ್ನು ಮಡಿಲಲ್ಲಿಟ್ಟುಕೊಂಡು ಸುರಂಗದ ಬಾಯಿಯಲ್ಲಿ ಕೂತರು. ಆಟೋದವನು ಹಿತ್ತಿಲಿನ ಮಾವಿನ ಮರ ಕಡಿಸಿ ಸೌದೆ ಒಟ್ಟಿದ್ದ. ಊರವರು ದೂರದಲ್ಲಿ ನಿಂತು ಕಾಯುತ್ತಿದ್ದರು. ದಾರಿ ಬಿಚ್ಚಿದ ದಿನ ಮಧ್ಯಾಹ್ನ ಒಳಗಿನಿಂದ ತಣ್ಣಗಿನ ಗಾಳಿ ಬಂತು. ಕೆಲಸದವರು ಟಾರ್ಚ್ ಹಿಡಿದು ಒಳಗೆ ಹೋದರು. ನಾವು ನೀರಿನ ಸದ್ದು ಮಾತ್ರ ಕೇಳುತ್ತ ನಿಂತೆವು.

ಹೊರಗೆ ಬಂದವರ ಮುಖ ಈಗಲೂ ನನ್ನ ಕಣ್ಣಮುಂದಿದೆ. ಒಳಗೆ ಯಾರೂ ಇಲ್ಲ, ಎಂದರು.

ಇಲ್ಲಿಯ ಮಣ್ಣು ಹುಳಿ, ಇಷ್ಟು ವರ್ಷಕ್ಕೆ ಎಲುಬು ಕರಗಿ ಹೋಗಿರಬಹುದು ಎಂದು ನಮ್ಮ ಸಂಸ್ಥೆಯ ಹಿರಿಯರು ಮೆಲ್ಲನೆ ಹೇಳಿದರು. ಕೆಲಸದವರಲ್ಲಿ ಒಬ್ಬ ತಲೆಯಾಡಿಸಿ, ಎಲುಬು ಹೋಗಲಿ, ಪಿಕ್ಕಾಸು ಎಲ್ಲಿ ಎಂದು ಕೇಳಿದ. ದೀಪವೂ ಇರಲಿಲ್ಲ. ಕುಸಿದ ಮಣ್ಣಿನಲ್ಲಿಯೂ ಇರಲಿಲ್ಲ, ಅದರ ಆಚೆಯೂ ಇರಲಿಲ್ಲ. ಆಮೇಲೆ ಅವನು ಇನ್ನೊಂದು ಮಾತು ಹೇಳಿದ. ಒಳಗೆ ಸುರಂಗ ತುಂಬ ದೂರ ಹೋಗಿದೆ, ಒಂದು ಕಡೆ ಎಡಕ್ಕೆ ತಿರುಗಿ ಮತ್ತೂ ಹೋಗಿದೆ, ಕೊನೆಯ ತನಕ ಹೋಗಲು ಧೈರ್ಯ ಬರಲಿಲ್ಲ ಎಂದ.

ದೊಡ್ಡಮ್ಮ ಪಂಚೆಯನ್ನು ಎದೆಗೆ ಒತ್ತಿ ಹಿಡಿದು ಎದ್ದು ನಿಂತರು. “ತಿರುಗುವುದು ಎಂತದ್ದು? ನೇರ ಇದ್ದದ್ದು. ಮಣ್ಣು ಹೊತ್ತದ್ದು ನಾನಲ್ವಾ?”

ಹಳೆಯ ನೆನಪು, ತಪ್ಪಿರಬಹುದು ಎಂದು ಆಮೇಲೆ ಎಲ್ಲರೂ ಅಂದುಕೊಂಡರು. ನಾನೂ ಹಾಗೇ ಅಂದುಕೊಳ್ಳಲು ಪ್ರಯತ್ನಿಸಿದ್ದೇನೆ...

ಒಟ್ಟಿದ ಸೌದೆ ಹಾಗೆಯೇ ಉಳಿಯಿತು. ಆದರೆ ಊರಿಗೆ ಅಷ್ಟೇ ಸಾಕಾಯಿತು. ಒಳಗೆ ಹೆಣ ಇಲ್ಲ ಎಂದ ಮೇಲೆ ನೀರಿಗೆ ಮೈಲಿಗೆಯೂ ಇಲ್ಲ. ಹರಿವು ಹೆಚ್ಚಿತು. ಟಾಂಕಿ ಕಟ್ಟಿ ಪೈಪು ಎಳೆದರು. ಸಮಿತಿಯಾಯಿತು, ಸರದಿಯಾಯಿತು, ಟ್ಯಾಂಕರ್ ನಿಂತಿತು. ನಮ್ಮ ವರದಿಯಲ್ಲಿ ಆ ಊರಿನ ಫೋಟೋ ಬಂತು. ಬೇರೆ ಪಂಚಾಯತಿನವರು ನೋಡಲು ಬಂದರು.

ಅಂದಿನಿಂದ ದೊಡ್ಡಮ್ಮ ಆ ನೀರು ಕುಡಿಯಲಿಲ್ಲ. ಮನೆಯೆದುರೇ ನಲ್ಲಿ ಇತ್ತು. ಅವರು ಬಿಂದಿಗೆ ಹಿಡಿದು ತೋಡು ದಾಟಿ, ಆಚೆಯ ಮನೆಯ ಬಾವಿಯಿಂದ ಬಗ್ಗಡದ ನೀರು ತಂದು ಸೋಸಿ ಕುಡಿಯುತ್ತಿದ್ದರು. ನಾನು ಹೋದಾಗ ಬೆಲ್ಲ ಕೊಟ್ಟರು, ಆ ನೀರನ್ನೇ ಕೊಟ್ಟರು. ಯಾಕೆ ಎಂದು ಅವರೇ ಹೇಳಿದರು.

“ಸದ್ದು ನಿಂತಿತು ಮಗಾ. ನೀನು ಕೇಳು ಬೇಕಾದರೆ.”

ನಾನು ಸುರಂಗದ ಬಾಯಿಯ ಹತ್ತಿರ ಹೋಗಿ ಕಿವಿಗೊಟ್ಟೆ. ನೀರು ಹರಿಯುವ ಸದ್ದು ಬಿಟ್ಟರೆ ಬೇರೆ ಏನೂ ಇರಲಿಲ್ಲ. ಮಣ್ಣು ತೆಗೆದದ್ದರಿಂದ ಟೊಳ್ಳು ಹೋಗಿದೆ, ಹನಿಯ ಸದ್ದು ಮೊದಲಿನ ಹಾಗೆ ಕೇಳಿಸುವುದಿಲ್ಲ, ಅಷ್ಟೇ ಎಂದು ಹೇಳಬಹುದಿತ್ತು. ಅವರು ಮುಂದೆ ಹೋಗಿದ್ದಾರೆ, ತುಂಬ ದೂರ ಹೋಗಿದ್ದಾರೆ ಎಂದರು ದೊಡ್ಡಮ್ಮ. ಇಷ್ಟು ದಿನ ಮಣ್ಣಿನ ಆಚೆ ತನಗಾಗಿ ಕಾಯುತ್ತಿದ್ದರು, ದಾರಿ ಬಿಚ್ಚಿ ಜನ ಬರುವುದು ಕೇಳಿ ಹೊರಟುಬಿಟ್ಟರು ಎಂದರು. ಅಳಲಿಲ್ಲ. ಬಸ್ಸು ತಪ್ಪಿಸಿಕೊಂಡವರ ಹಾಗೆ ಕೂತಿದ್ದರು.

ಕೊನೆಯ ಸಲ ನೋಡಿದಾಗ ಅವರು ಮಲಗಿದಲ್ಲೇ ಇದ್ದರು. ಗುಡ್ಡದ ಮೇಲೆ ಮಳೆನೀರು ಇಂಗಿಸಲು ನಾವು ಊರವರಿಂದ ಗುಂಡಿಗಳನ್ನು ತೋಡಿಸಿದ್ದ ಸಮಯ ಅದು. ಆ ಗುಂಡಿಗೆ ಬಿದ್ದ ನೀರು ಎಲ್ಲಿಗೆ ಹೋಗುತ್ತದೆ ಎಂದು ಕೇಳಿದರು. ಕೆಳಗೆ ಇಳಿಯುತ್ತದೆ, ನಿಧಾನವಾಗಿ ಸುರಂಗಕ್ಕೆ ಬರುತ್ತದೆ ಎಂದೆ. ಎಲ್ಲ ಕಡೆಗೂ ಇಳಿಯುತ್ತದಾ, ಕೊನೆಯ ತನಕ? ಹೌದು ಎಂದೆ. ಆಗ ಅವರು ನನ್ನ ಕೈ ಹಿಡಿದುಕೊಂಡರು. ಬೀಡಿ ಕಟ್ಟಿ ಕಟ್ಟಿ ನಯವಾದ ಬೆರಳುಗಳು, ತಣ್ಣಗಿದ್ದವು.

“ಬಾಯಿಂದ ಹೋದರೆ ನನಗೆ ಅವರು ಸಿಕ್ಕಲಿಕ್ಕಿಲ್ಲ. ಮೇಲಿಂದ ಇಳೀಬಹುದಲ್ಲ.”

ನನಗೆ ಅರ್ಥವಾಯಿತು. ಬಾಗಿಲಲ್ಲಿ ನಿಂತಿದ್ದ ಆಟೋದವನಿಗೂ ಅರ್ಥವಾಯಿತು. ಆಟಿ ತಿಂಗಳ ಮಳೆಯಲ್ಲಿ ದೊಡ್ಡಮ್ಮ ಹೋದರು. ನಾನು ಆಗ ತಿರುವನಂತಪುರದಲ್ಲಿ ಯಾವುದೋ ಸಭೆಯಲ್ಲಿದ್ದೆ. ಕಾರ್ಯವೆಲ್ಲ ಕಳೆದ ಮೇಲೆ ಅವನು ಫೋನ್ ಮಾಡಿದ. ಬೂದಿಯನ್ನು ಸಮುದ್ರಕ್ಕೆ ಬಿಟ್ಟೆ ಎಂದು ಊರವರಿಗೆ ಹೇಳಿದ್ದೇನೆ, ಬಿಟ್ಟದ್ದು ಅರ್ಧ ಮಾತ್ರ ಎಂದ. ಈಗ ಗುಡ್ಡದ ಮೇಲೆ, ಗುಂಡಿಗಳ ಹತ್ತಿರ ಇದ್ದೇನೆ ಎಂದ. ಫೋನಿನಲ್ಲಿ ಮಳೆಯ ಸದ್ದು ಕೇಳಿಸುತ್ತಿತ್ತು. ನಾನು, ಒಳ್ಳೆದಾಯಿತು, ಎಂದೆ.

ಈ ಮಾತು ನಮ್ಮಿಬ್ಬರಲ್ಲೇ ಉಳಿದಿದೆ. ಊರಿನ ಹೆಸರು, ಗುಡ್ಡದ ಗುರುತು ಯಾವುದನ್ನೂ ನಾನು ಇಲ್ಲಿ ಬರೆದಿಲ್ಲ, ಬರೆಯುವುದೂ ಇಲ್ಲ. ಆ ಸುರಂಗ ಈಗ ಕಡು ಬೇಸಗೆಯಲ್ಲಿಯೂ ಬತ್ತುವುದಿಲ್ಲ. ಇಂಗುಗುಂಡಿಗಳ ಫಲ ಎಂದು ನಾವು ಬರೆಯುತ್ತೇವೆ, ಅದು ನಿಜವೂ ಹೌದು.

ಬಂದ್ಯೋಡಿನಲ್ಲಿ ಆ ದಿನ ಮುಂದಿನ ಬಸ್ಸು ಹಿಡಿದು ದೊಡ್ಡಮ್ಮನ ಊರಿಗೆ ಹೋದೆ. ದೊಡ್ಡಮ್ಮನ ಮನೆಯ ಹೆಂಚು ಇಳಿಸಿದ್ದಾರೆ, ಗೋಡೆ ಮಳೆಗೆ ಕರಗಿ ಮೊಣಕಾಲೆತ್ತರ ಉಳಿದಿದೆ. ಜಗಲಿ ಇದ್ದ ಜಾಗದಲ್ಲಿ ನಿಂತೆ. ಆ ಊರಿನಲ್ಲಿ ನನ್ನನ್ನು ಮಗಾ ಎಂದು ಕರೆಯುವವರು ಈಗ ಯಾರೂ ಇಲ್ಲ. ಕೆಳಗಿನ ಮನೆಗೆ ಹೊಸದಾಗಿ ಮದುವೆಯಾಗಿ ಬಂದ ಹುಡುಗಿ ನನ್ನನ್ನು ನೋಡಿ ಕರೆದಳು, ನಲ್ಲಿಯಿಂದ ಹಿಡಿದು ಲೋಟ ತುಂಬ ನೀರು ಕೊಟ್ಟಳು. ಅವಳ ಎದುರು ಹೆಚ್ಚು ಹೊತ್ತು ಲೋಟ ಹಿಡಿದು ನಿಲ್ಲುವ ಹಾಗಿರಲಿಲ್ಲ. ಕುಡಿದೆ.

“ಅಲ್ಲಿ ಇದ್ದವರ ಗುರ್ತ ಉಂಟಾ ನಿಮಗೆ?” ಎಂದು ಕೇಳಿದಳು. ಉಂಟು ಎಂದೆ.

“ಎಲ್ಲರೂ ಹೇಳ್ತಾರೆ ಅವರ ಬಗ್ಗೆ. ನಾನು ನೋಡ್ಲೇ ಇಲ್ಲ,” ಎಂದು ಅವಳು ಲೋಟ ಇಸಿದುಕೊಂಡು, ಅದನ್ನೇ ಮತ್ತೆ ನಲ್ಲಿಗೆ ಹಿಡಿದು, ತಾನೂ ಕುಡಿದಳು.