ತೊಗರಿಯೊಳಗಿನ ಕೈ

ಮಕ್ಕಳೇ, ಹೋದ ವಾರ ನಿಮ್ಮಲ್ಲಿ ದೊಡ್ಡವಳು ಫೋನಿನಲ್ಲಿ ಓದಿ ಹೇಳಿದಳಲ್ಲ, ಇಂಗ್ಲಿಷಿನಲ್ಲಿ ಪಲ್ಸ್ ಎಂದರೆ ಬೇಳೆಕಾಳೂ ಹೌದು, ನಾಡಿಯೂ ಹೌದು ಎಂದು. ಕಾಳಿನ ಪಲ್ಸ್ ಗಂಜಿಗೆ ಹೇಳುತ್ತಿದ್ದ ಹಳೆಯ ಮಾತಿನಿಂದ ಬಂತಂತೆ, ನಾಡಿಯದು ಬಡಿತಕ್ಕೆ ಹೇಳುವ ಮಾತಿನಿಂದ. ಒಂದಕ್ಕೊಂದು ಸಂಬಂಧವೇ ಇಲ್ಲವಂತೆ. ಆಗ ನನಗೊಂದು ಸಂಗತಿ ನೆನಪಾಯಿತು. ಎಲ್ಲರೆದುರು ಹೇಳಲು ಸಂಕೋಚ, ಅದಕ್ಕೇ ಬರೆಯುತ್ತಿದ್ದೇನೆ.

ನಿಮ್ಮ ಅಜ್ಜ ನಾರಾಯಣಖೇಡದಲ್ಲಿ ರೈತರ ಕಾಳನ್ನು ದಲಾಲಿಗೆ ಮಾರಿಸುವ ಅಡತಿ ಅಂಗಡಿಯಲ್ಲಿ ಸಂಬಳಕ್ಕಿದ್ದರು. ತೊಗರಿ ಚೀಲ ಬಂದರೆ ಮೇಲಿನ ಕಾಳನ್ನು ನೋಡುತ್ತಿರಲಿಲ್ಲ. ಮೊಣಕೈವರೆಗೆ ಕೈ ಇಳಿಸಿ, ಕಣ್ಣು ಮುಚ್ಚಿ ಸುಮ್ಮನಿರುತ್ತಿದ್ದರು. ಒಳಗೆ ಹಸಿ ಉಳಿದಿದ್ದರೆ ಕೈಗೆ ತಿಳಿಯುತ್ತಿತ್ತು. ಮನೆಯಲ್ಲೂ ಅವರು ಕೈ ಹಾಕಿ ಹೂಂ ಎನ್ನದೆ ನಾನು ಕಾಳನ್ನು ಡಬ್ಬಿಗೆ ತುಂಬುತ್ತಿರಲಿಲ್ಲ.

ಅವರಿಗೆ ಲಕ್ವಾ ಹೊಡೆದು ಎಡಗೈ ಬಿದ್ದುಹೋಯಿತು, ಮಾತೂ ನಿಂತಿತು. ಜಹೀರಾಬಾದಿನ ಆಸ್ಪತ್ರೆಗೆ ಸೇರಿಸಿದೆವು. ಅವರಿಗೆ ನಮ್ಮ ಗುರುತು ಉಳಿದಿದೆಯೋ ಇಲ್ಲವೋ ಯಾರಿಗೂ ತಿಳಿದಿರಲಿಲ್ಲ. ಮಾತಾಡಿಸುತ್ತ ಇರಿ ಎಂದು ಡಾಕ್ಟರು ಹೇಳಿದ್ದರು. ಆದರೆ ಅಷ್ಟು ಜನರ ನಡುವೆ ಗಂಡನನ್ನು ಕೂಗಿ ಮಾತಾಡಿಸಲು ನನಗೆ ಬಾಯಿ ಬರಲಿಲ್ಲ.

ನನ್ನ ತಮ್ಮ ತಾಂಡೂರಿನಿಂದ ನೋಡಲು ಬಂದವನು ಹೊಸ ತೊಗರಿಯನ್ನೂ ತಂದಿದ್ದ. ರಾಶಿಯಾದ ಕೂಡಲೇ ಅಕ್ಕನಿಗೆ ಕಾಳು ಮುಟ್ಟಿಸುವುದು ನಮ್ಮ ಮನೆಯ ರೂಢಿ. ನಾನು ಚೀಲದ ಬಾಯಿ ಬಿಚ್ಚಿ, ಸುಮ್ಮನೆ ಅವರ ಬಲಗೈಯನ್ನು ಒಳಗಿಟ್ಟೆ. ಬೆರಳಿಗೆ ನಾಡಿ ನೋಡುವ ಕ್ಲಿಪ್ ಸಿಕ್ಕಿಸಿದ್ದು ನೆನಪೇ ಆಗಲಿಲ್ಲ. ಅದು ಕಾಳಿನೊಳಗೆ ಕಳಚಿಬಿತ್ತು. ಮಷಿನು ಕೂಗತೊಡಗಿತು.

ಪಲ್ಸ್ ಹೋಯಿತೆಂದು ನರ್ಸು ಓಡಿಬಂದಳು. ಚೀಲ ನೋಡಿ ಸೊಂಟಕ್ಕೆ ಕೈಯಿಟ್ಟಳು.

"ಇದು ದವಾಖಾನಿ ಅದರಿ ಅಮ್ಮಾ, ನಿಮ್ಮ ಅಡತಿ ದುಕಾನ್ ಅಲ್ಲ."

ನನಗೆ ನೆಲ ಬಿರಿದು ನುಂಗಬಾರದೇ ಅನಿಸಿತು. ಅವಳು ಅವರ ಕೈ ಹೊರಗೆಳೆಯಲು ಹೋದಳು, ಕೈ ಬರಲಿಲ್ಲ. ಬೆರಳುಗಳು ಕಾಳನ್ನು ಹಿಡಿಯುತ್ತ, ಬಿಡುತ್ತ ಇದ್ದವು. ಅವರು ಕಣ್ಣು ಮುಚ್ಚಿದ್ದರು. ನಾಲಿಗೆ ತೊಡರಿತು, ಆಮೇಲೆ ತಿರುಗಿತು.

"ಹಸಿ ಅದ. ಇನ್ನಾ ಒಣಗಸು."

ಕಣ್ಣು ತೆರೆದು ನನ್ನನ್ನೇ ನೋಡಿದರು.

ನರ್ಸು ಕಾಳು ಕೆದಕಿ ಕ್ಲಿಪ್ ಹುಡುಕಿದಳು. ಅದನ್ನು ಎಡಗೈಗೆ ಸಿಕ್ಕಿಸಿದಳು. ಬಿಸಿಲು ಬೀಳುವ ಮಾಳಿಗೆಗೆ ಹೋಗುವ ಬಾಗಿಲು ಎಲ್ಲಿದೆ ಎಂದೂ ಅವಳೇ ತೋರಿಸಿದಳು. ಅಲ್ಲಿ ನನ್ನ ಹಳೆಯ ಸೀರೆ ಹಾಸಿ ತೊಗರಿ ಹರವಿದೆ. ಮರುದಿನವೂ ಬಿಸಿಲಿಗೆ ಹಾಕಿದೆ. ಸಂಜೆ ಚೀಲವನ್ನು ಮತ್ತೆ ಅವರ ಬಲಗೈಯ ಹತ್ತಿರ ಹಿಡಿದೆ.

ಬಹಳ ಹೊತ್ತು ಕೈಯಿಟ್ಟುಕೊಂಡಿದ್ದು, ಹೂಂ ಎಂದರು.