ಹಾವೇರಿಯ ಗೋಡೆಯ ಮೇಲಿನ ಫೋಟೋ

ನನಗೆ ಬಹಳ ಇಷ್ಟವಾದ ಒಂದು ಸಿನಿಮಾದ ಹೆಸರು ನನಗೆ ಇವತ್ತಿಗೂ ಗೊತ್ತಿಲ್ಲ. ಎಂಬತ್ತರ ದಶಕದ ಕೊನೆಯ ಒಂದು ಭಾನುವಾರ ಮಧ್ಯಾಹ್ನ, ಬ್ಯಾಡಗಿಯ ನಮ್ಮ ಮನೆಗೆ ಕರೆಂಟು ಬರುವಷ್ಟರಲ್ಲಿ ದೂರದರ್ಶನದಲ್ಲಿ ಅದು ಶುರುವಾಗಿ ಹೋಗಿತ್ತು. ಯಾವುದೋ ಬೇರೆ ಭಾಷೆಯದು. ಹಾಡಿಲ್ಲ, ಹೊಡೆದಾಟವಿಲ್ಲ. ಹಳೆಯ ಚೌಕಟ್ಟು ಮಾರುವ ಮುದುಕನೊಬ್ಬ ಅವುಗಳೊಳಗೆ ಸಿಕ್ಕ ಫೋಟೋಗಳು ಯಾರವೆಂದು ಹುಡುಕಿ ಮನೆಮನೆಗೆ ಮುಟ್ಟಿಸುತ್ತಾನೆ, ಅಷ್ಟೇ ಕಥೆ. ಹತ್ತು ನಿಮಿಷದಲ್ಲಿ ಮಾವ ಮಲಗಲು ಎದ್ದುಹೋದರು, ನನ್ನ ಗಂಡ ಪೇಟೆಯ ಕಡೆ ಹೊರಟರು. ಉಳಿದವರು ನಾನು ಮತ್ತು ನನ್ನ ಅತ್ತೆ.

ಮದುವೆಯಾಗಿ ಆಗಿನ್ನೂ ವರ್ಷ ತುಂಬಿರಲಿಲ್ಲ. ಅಡುಗೆಮನೆಯ ಮಾತು ಬಿಟ್ಟರೆ ಅತ್ತೆಗೂ ನನಗೂ ಬೇರೆ ಮಾತೇ ಇರಲಿಲ್ಲ. ಪರದೆಯ ಕೆಳಗೆ ಬರುತ್ತಿದ್ದ ಇಂಗ್ಲಿಷ್ ಸಾಲುಗಳನ್ನು ಓದಿ ನಾನು ಕನ್ನಡದಲ್ಲಿ ಹೇಳುತ್ತಿದ್ದೆ, ಅವರು ಮೆಣಸಿನಕಾಯಿಯ ತೊಟ್ಟು ಬಿಡಿಸುತ್ತ ಕೇಳುತ್ತಿದ್ದರು. ಸ್ವಲ್ಪ ಹೊತ್ತಿಗೆ ಅವರ ಕೈ ನಿಂತಿತು. ಸಿನಿಮಾ ಮುಗಿದ ಮೇಲೆ, "ನಂದೂ ಒಂದು ಫೋಟೋ ಹಂಗ ಉಳದೈತಿ ನೋಡವಾ, ರಾಣೆಬೆನ್ನೂರಾಗ," ಎಂದರು.

ರಾಣೆಬೆನ್ನೂರು ಅವರ ತವರು. ಏಳನೇ ಇಯತ್ತೆ ಪಾಸಾದ ದಿನ ಪಕ್ಕದ ಮನೆಯ ಗೆಳತಿಯೊಂದಿಗೆ, ಮನೆಯಲ್ಲಿ ಹೇಳದೆ ಸ್ಟುಡಿಯೋಕ್ಕೆ ಹೋಗಿ ಫೋಟೋ ತೆಗೆಸಿಕೊಂಡಿದ್ದರಂತೆ. ಅದನ್ನು ಇಸಿದುಕೊಂಡು ಬರುವ ಮೊದಲೇ ಮದುವೆ ಗೊತ್ತಾಗಿ ಬ್ಯಾಡಗಿಗೆ ಬಂದುಬಿಟ್ಟರು. ಅಷ್ಟರಲ್ಲಿ ಗೆಳತಿಯ ಮನೆಯವರೂ ಊರು ಬಿಟ್ಟರು.

"ಹೋಗಿ ಕೇಳೂಣು ಬರ್ರಿ ಅತ್ತಿ."

"ಮೂವತ್ತು ವರ್ಷ ಆತು. ಮಂದಿ ನಗ್ತಾರ."

"ನಕ್ಕರ ನಗಲಿ ಬಿಡ್ರಿ."

ಮುಂದಿನ ವಾರ, ಸೀರೆ ತರುತ್ತೇವೆಂದು ಹೇಳಿ ಇಬ್ಬರೂ ಬಸ್ಸು ಹತ್ತಿದೆವು. ಸ್ಟುಡಿಯೋ ಇನ್ನೂ ಇತ್ತು, ಮಾಲೀಕರು ಮಾತ್ರ ಮುದುಕರಾಗಿದ್ದರು. ಅತ್ತೆ ನಾಚಿ ಮೆಟ್ಟಿಲ ಮೇಲೇ ನಿಂತರು. ಇಬ್ಬರು ಹುಡುಗಿಯರು, ನಡುವೆ ಒಂದು ಸೈಕಲ್ಲು ಎಂದು ನಾನು ವಿವರಿಸಿದೆ.

ಮಾಲೀಕರು ಕನ್ನಡಕದ ಮೇಲಿಂದ ಅತ್ತೆಯನ್ನು ನೋಡಿದರು. "ಆ ಸೈಕಲ್ ನಂದ ಇತ್ತರಿ. ಅದನ್ನ ಯಾರು ಹಿಡ್ಯೂದು ಅಂತ ನೀವಿಬ್ರೂ ಜಗಳಾ ತಗದಿದ್ರಿ. ಫೋಟೋ ಚಲೋ ಬಂದಿತ್ತು, ಭಾಳ ದಿನ ಅಂಗಡಿ ಮುಂದ ಹಚ್ಚಿದ್ದೆ. ಆಮ್ಯಾಲೆ ಇನ್ನೊಬ್ಬಾಕಿ ಗಂಡನ್ನ ಕರಕೊಂಡು ಬಂದು ಒಯ್ದ್ಲು. ಹಾವೇರ್ಯಾಗ ಅವರದು ಗಡಿಯಾರ ರಿಪೇರಿ ಅಂಗಡಿ ಐತಂತ."

ಅತ್ತೆ ಬಸ್ ಸ್ಟ್ಯಾಂಡಿನ ಕಡೆ ನಡೆದರು. ಮನೆಗೆ ಹೊರಟೆವೆಂದುಕೊಂಡೆ. ಕಂಡಕ್ಟರ್ ಬಂದಾಗ, "ಹಾವೇರಿ, ಎರಡು," ಎಂದರು.

ಹಾವೇರಿಯಲ್ಲಿ ಎರಡು ಅಂಗಡಿ ತಪ್ಪಿ ಮೂರನೆಯದು ಸರಿಹೋಯಿತು. ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು ಒಬ್ಬರು ಕೂತಿದ್ದರು. ಈ ಸಲ ಅತ್ತೆಯೇ ಮುಂದೆ ಹೋಗಿ, "ರಾಣೆಬೆನ್ನೂರಾಗ ತಗಿಸಿದ ಒಂದು ಫೋಟೋ..." ಎಂದು ಶುರುಮಾಡಿದರು. ಅವರು ಭೂತಗನ್ನಡಿ ತೆಗೆದಿಟ್ಟು, ಹಿಂದಿನ ಬಾಗಿಲ ಕಡೆ ತಿರುಗಿ ಉರ್ದುವಿನಲ್ಲಿ ಕೂಗಿದರು. "ಫೋಟೋವಾಲಿ" ಎಂಬ ಒಂದು ಮಾತು ಮಾತ್ರ ನನಗೆ ತಿಳಿಯಿತು.

ಸೆರಗಿಗೆ ಕೈ ಒರೆಸಿಕೊಳ್ಳುತ್ತ ಅವರ ಹೆಂಡತಿ ಬಂದರು. ಒಂದು ಗಳಿಗೆ ಅತ್ತೆಯನ್ನೇ ನೋಡುತ್ತ ನಿಂತು, "ಇಷ್ಟ ತಡಾ ಮಾಡೂದೇನ?" ಎಂದರು. ಅತ್ತೆ ಅತ್ತದ್ದನ್ನು ನಾನು ನೋಡಿದ್ದು ಅವತ್ತೇ ಮೊದಲು.

ಒಳಗಿನ ಗೋಡೆಯ ಮೇಲೆ ಫೋಟೋ ಇತ್ತು. ಎರಡು ಜಡೆಯ ಇಬ್ಬರು ಹುಡುಗಿಯರು ಸೈಕಲ್ಲಿನ ಒಂದೊಂದು ಹಿಡಿಕೆ ಹಿಡಿದು, ಮುಖ ಊದಿಸಿಕೊಂಡು ನಿಂತಿದ್ದಾರೆ. ಅದರಲ್ಲಿರುವ ಇನ್ನೊಬ್ಬಳು ತಮ್ಮ ತಾಯಿಯ ಅಕ್ಕ ಎಂದೇ ಆ ಮನೆಯ ಮಕ್ಕಳು ತಿಳಿದಿದ್ದರು. "ನಾ ಇಷ್ಟ ತೆಳ್ಳಗಿದ್ನೇನ?" ಎಂದು ಅತ್ತೆ ಮತ್ತೆ ಮತ್ತೆ ಕೇಳಿದರು.

ಊಟ ಮಾಡಿಸದೆ ಅವರು ಬಿಡಲಿಲ್ಲ. ಹೊರಡುವಾಗ ಅತ್ತೆ, "ಈಗರೆ ಫೋಟೋ ನನಗ ಕೊಡು," ಎಂದರು.

"ಕೊಡಂಗಿಲ್ಲ. ನೋಡಬೇಕಂದ್ರ ಬಾ."

ಯಾವ ಸ್ಟುಡಿಯೋದಲ್ಲಾದರೂ ಇನ್ನೊಂದು ಪ್ರತಿ ತೆಗೆದುಕೊಡುತ್ತಾರೆ ಎಂದು ನಾನು ನಡುವೆ ಬಾಯಿ ಹಾಕಿದೆ. ಇಬ್ಬರೂ ನನ್ನ ಕಡೆ ತಿರುಗಿ ನೋಡಿದರು.

ಅಂದಿನಿಂದ ಅತ್ತೆ ತಿಂಗಳಿಗೊಮ್ಮೆ ಹಾವೇರಿಗೆ ಹೋಗತೊಡಗಿದರು. ಅಲ್ಲಿ ಅಂಥಾದ್ದೇನಿದೆ ಎಂದು ಮಾವ ಕೇಳಿದರೆ, "ಕೆಲಸ ಐತ್ರಿ," ಎನ್ನುತ್ತಿದ್ದರು. ಕೆಲವು ಸಲ ನಾನೂ ಜೊತೆಗೆ ಹೋಗಿದ್ದೇನೆ. ಗೆಳತಿಯರಿಬ್ಬರೂ ಫೋಟೋಕ್ಕೆ ಬೆನ್ನು ಮಾಡಿ ಕೂತು, ಮೊಣಕಾಲ ನೋವಿನ ಬಗ್ಗೆ, ಮಗಳನ್ನು ಕೊಟ್ಟ ಮನೆಯ ಬಗ್ಗೆ ಬಸ್ಸಿನ ಹೊತ್ತಾಗುವವರೆಗೂ ಮಾತಾಡುತ್ತಿದ್ದರು.